ಇದೀರಾ, ಬಿಳಿಚೋಡು?

ಬಾಗಿಲು ಸ್ವಲ್ಪ ಮುಂದೆ ಮಾಡ್ರಿ, ಗಾಳಿ ಬರ್ತೈತೆ... ಹ್ಞಾಂ, ಸಾಕು.

ಇದು ಅವರಿವರ ಬಾಯಿಂದ ಬಂದ ಕತೆಯಲ್ಲ. ನಮ್ಮ ಸೋದರಮಾವನ ಮಗ ಪರಮೇಶನಿಗೆ ಆಗಿದ್ದು. ನ್ಯಾಮತಿಯವನು. ಮಾತೇ ಕಮ್ಮಿ, ಇನ್ನು ಸುಳ್ಳು ಎಲ್ಲಿಂದ ಬರಬೇಕು? ಈ ವಿಷಯ ನನಗೆ ಹೇಳೋದಕ್ಕೇ ಅವನು ಐದು ತಿಂಗಳು ತಗೊಂಡ.

ಹೋದ ವರ್ಷ, ಸಂಕ್ರಾಂತಿ ಕಳೆದು ಒಂದು ವಾರ. ಜಗಳೂರು ತಾಲ್ಲೂಕಿನ ಬಿಳಿಚೋಡು. ರಾತ್ರಿ ಹನ್ನೆರಡೂವರೆ ಆಗಿತ್ತು. ಪರಮೇಶ ಊರಾಚೆ ಇರೋ ನೀರಿನ ಕಂಟ್ರೋಲ್ ರೂಮಿಗೆ ಬೀಗ ಹಾಕಿಕೊಂಡು ಹೊರಟ. ಊರೊಳಗೆ ಬೊಮ್ಮಕ್ಕ ಅನ್ನೋರ ಮನೆ ಮುಂದಿನ ಕೋಣೆಯನ್ನ ಹತ್ತು ದಿನದ ಮಟ್ಟಿಗೆ ಬಾಡಿಗೆಗೆ ಹಿಡಿದಿದ್ದ. ನಡೆದರೆ ಕಾಲು ಗಂಟೆ. ದಾರಿಯಲ್ಲಿ ಒಂದು ಹಳೇ ಬಾವಿ. ಈಗ ಯಾರೂ ಸೇದೋದಿಲ್ಲ, ಮೇಲೆ ಕಬ್ಬಿಣದ ಜಾಲರಿ ಹೊದಿಸಿದ್ದಾರೆ. ಪಕ್ಕದಲ್ಲೊಂದು ಬೇವಿನ ಮರ.

ಬಾವಿ ಹತ್ತಿರ ಬಂದ...

ಟಪ್.

ನಿಂತ. ಸ್ಟೀಲ್ ಡಬ್ಬಿ ಮುಚ್ಚಳವನ್ನ ಅಂಗೈಯಿಂದ ಒತ್ತಿ ಮುಚ್ಚಿದರೆ ಬರುತ್ತಲ್ಲ, ಆ ಸದ್ದು. ಒಂದೇ ಸಲ. ಮೊಬೈಲ್ ಟಾರ್ಚು ಹಾಕಿ ಸುತ್ತ ನೋಡಿದ. ಕಟ್ಟೆ ಖಾಲಿ. ಮರದ ಬುಡ ಖಾಲಿ. ದೂರದಲ್ಲಿ ಕುರಿಹಟ್ಟಿಯ ನಾಯಿ ಒಂದು ಬೊಗಳಿ ಸುಮ್ಮನಾಯಿತು.

ಅವನಿಗೆ ಹೆದರಿಕೆ ಆಗಲಿಲ್ಲವಂತೆ. ಯಾಕಂದ್ರೆ ಆ ಸದ್ದು ಅವನಿಗೆ ಹೊಸದಲ್ಲ.

ಅದನ್ನ ಮೊದಲು ಹೇಳಿಬಿಡ್ತೀನಿ.

ಪರಮೇಶ ಮುಂಚೆ ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿ ಹತ್ತಿರ, ಹೊಳೆ ದಂಡೆ ಪಂಪ್‌ಹೌಸಿನಲ್ಲಿ ರಾತ್ರಿ ಪಾಳಿ ಆಪರೇಟರ್ ಆಗಿದ್ದ. ಹೊಳೆ ನೀರು ಎತ್ತಿ ಗುಡ್ಡದ ಮೇಲಿನ ಟ್ಯಾಂಕಿಗೆ ಹಾಕೋದು, ಅಲ್ಲಿಂದ ಅದು ಚನ್ನಗಿರಿ ಸೀಮೆ ದಾಟಿ ಪೈಪಿನಲ್ಲಿ ಬಿಳಿಚೋಡಿಗೆ ಹೋಗೋದು. ಹದಿನೆಂಟು ಹಳ್ಳಿಗೆ ಕುಡಿಯೋ ನೀರು. ಆಗ ಕಂಪ್ಯೂಟರ್ ಗಿಂಪ್ಯೂಟರ್ ಏನೂ ಇಲ್ಲ. ಗಂಟೆಗೊಂದು ಸಲ ಪರಮೇಶ ಫೋನು ಮಾಡಬೇಕು, ಬಿಳಿಚೋಡಿನಲ್ಲಿ ಕೂತವರು ಎತ್ತಬೇಕು. ಇಷ್ಟು ಅಡಿ ಐತೆ, ಬಿಡ್ರಿ, ನಿಲ್ಸಿರಿ. ಅಷ್ಟೇ ಮಾತು.

ಆ ಕಡೆ ರಾತ್ರಿ ಪಾಳಿಗೆ ಇದ್ದದ್ದು ಒಬ್ಬ ಹೆಣ್ಣುಮಗಳು.

"ಹಲೋ ಬಿಳಿಚೋಡು, ಇದೀರಾ?"

"ಇದೀನಿ ಸಾಸ್ವೆಹಳ್ಳಿ, ಹೇಳ್ರಿ."

ಹೆಸರು ಅವನೂ ಕೇಳಲಿಲ್ಲ, ಅವಳೂ ಕೇಳಲಿಲ್ಲ. ಊರ ಹೆಸರೇ ಹೆಸರು. ರಾತ್ರಿ ಒಂದು ಗಂಟೆ ಫೋನಿನ ಹೊತ್ತಿಗೆ ಆಕೆ ಊಟ ಮುಗಿಸ್ತಿದ್ದಳು. ಮಾತಿನ ನಡುವೆ ಡಬ್ಬಿ ಮುಚ್ಚಳದ ಸದ್ದು... ಟಪ್. ಆಮೇಲೆ, "ನಿಮ್ಮದು ಊಟ ಆತಾ?" ಅಂತ ಒಂದು ಮಾತು. ಪರಮೇಶನನ್ನ ಹಂಗೆ ಕೇಳೋರು ಆ ಕಾಲಕ್ಕೆ ಬೇರೆ ಯಾರೂ ಇರಲಿಲ್ಲ. ತಾಯಿ ತೀರಿಕೊಂಡಿದ್ದರು, ಮದುವೆ ಮಾತು ಎರಡು ಸಲ ಬಂದು ಮುರಿದಿತ್ತು. ಮನೆಗೆ ಬೀಗ ಹಾಕೋನೂ ಅವನೇ, ತೆಗೆಯೋನೂ ಅವನೇ.

ನಾಲ್ಕು ವರ್ಷ. ಒಂದು ಸಲವೂ ಮುಖ ನೋಡಲಿಲ್ಲ.

ಒಂದು ರಾತ್ರಿ ಬೇರೆ ದನಿ ಫೋನು ಎತ್ತಿತು. ಗಂಡಸಿನ ದನಿ. ರಜಾ ಹಾಕಿರಬೇಕು ಅಂದುಕೊಂಡ. ಮಾರನೇ ರಾತ್ರಿಯೂ ಅದೇ ದನಿ. ಅದರ ಮಾರನೇ ರಾತ್ರಿಯೂ... ಕೇಳೋಕೆ ಸಂಕೋಚ. ಯಾಕೆ ಕೇಳ್ತೀರಿ ಅಂದ್ರೆ ಏನು ಹೇಳಬೇಕು? ಹನ್ನೆರಡನೇ ದಿನ ತಡೀಲಾರದೆ ಕೇಳಿಯೇ ಬಿಟ್ಟ.

"ಆಯಮ್ಮ ತೀರಿಕೊಂಡ್ರು ಸರ. ಡೆಂಗಿ ಜ್ವರ. ಮೂರೇ ದಿನ. ಲಕ್ಷ್ಮೀದೇವಿ ಅಂತ... ನಿಮಗೆ ಪರಿಚಯನಾ?"

ಹೆಸರು ಅವತ್ತೇ ಗೊತ್ತಾಗಿದ್ದು. "ಇಲ್ಲ" ಅಂದ ಪರಮೇಶ. ಫೋನಿಟ್ಟ. ಆ ರಾತ್ರಿ ಮಿಕ್ಕ ಐದು ಫೋನನ್ನೂ ಸರಿಯಾದ ಹೊತ್ತಿಗೇ ಮಾಡಿದನಂತೆ.

ಮುಂದೆ ಆ ಕೆಲಸ ಬಿಟ್ಟ. ದಾವಣಗೆರೆಯಲ್ಲಿ ನೆಟ್‌ವರ್ಕ್ ಕೋರ್ಸ್ ಮಾಡಿಕೊಂಡು ಒಂದು ಗುತ್ತಿಗೆ ಕಂಪನಿ ಸೇರಿದ. ಹಣೆಬರಹ ನೋಡ್ರಿ, ಹೋದ ವರ್ಷ ಆ ಕಂಪನಿ ಅವನನ್ನ ಕಳಿಸಿದ್ದು ಇದೇ ನೀರಿನ ಯೋಜನೆಗೆ.

ಕೆಲಸ ಏನಪ್ಪಾ ಅಂದ್ರೆ, ಈಗ ಪಂಪು, ವಾಲ್ವು ಎಲ್ಲ ಸರ್ವರ್ ನೋಡಿಕೊಳ್ಳುತ್ತೆ. ಸಾಸ್ವೆಹಳ್ಳಿಯಲ್ಲಿ ಒಂದು. ಅದೇನಾದರೂ ಕೆಟ್ಟು ಕೂತರೆ ಹದಿನೆಂಟು ಹಳ್ಳಿ ಬಾಯಾರಿಕೆ. ಅದಕ್ಕೇ ಬಿಳಿಚೋಡಿನಲ್ಲಿ ಎರಡನೇದು ಇಡಬೇಕು. ಅದರ ಕೆಲಸ ಕಾಯೋದು. ಎರಡು ಸೆಕೆಂಡಿಗೊಂದು ಸಲ ಲೈನಿನಲ್ಲಿ ಕೇಳ್ತಿರುತ್ತೆ: ಇದೀಯಾ? ಸಾಸ್ವೆಹಳ್ಳಿ ಸರ್ವರ್ ಉತ್ತರ ಕೊಡುತ್ತೆ: ಇದೀನಿ. ಮೂವತ್ತು ಸೆಕೆಂಡು ಉತ್ತರ ಬರದೆ ಹೋದರೆ, ಅದು ಸತ್ತಿದೆ ಅಂತ ತಿಳಿದು ಬಿಳಿಚೋಡಿನ ಸರ್ವರ್ ತಾನೇ ಯಜಮಾನಿಕೆ ತಗೊಂಡು ವಾಲ್ವು ತೆಗೆಯಬೇಕು. ಯಾರನ್ನೂ ಕೇಳೋ ಹಂಗಿಲ್ಲ.

ಅದನ್ನ ಕಂಪ್ಯೂಟರಿಗೆ ಬರೆಯುವಾಗ ಪರಮೇಶನ ಕೈ ಸ್ವಲ್ಪ ಹೊತ್ತು ನಿಂತು ಹೋಯಿತಂತೆ. ಅವನು ಆ ಸರ್ವರ್ ಇಟ್ಟದ್ದು ಅದೇ ಕೋಣೆಯಲ್ಲಿ, ಆಕೆ ಫೋನು ಎತ್ತುತ್ತಿದ್ದ ಮೇಜಿನ ಜಾಗದಲ್ಲಿ. ಮೇಜು ತೆಗೆದು ಹಾಕಿದ್ದರು. ಗೋಡೆಯಲ್ಲಿ ಫೋನಿನ ಮೊಳೆ ಮಾತ್ರ ಉಳಿದಿತ್ತು.

ಡಬ್ಬಿ ಸದ್ದು ಕೇಳಿದ ಆ ರಾತ್ರಿ ಮನೆ ಮುಟ್ಟಿದಾಗ ಬೊಮ್ಮಕ್ಕ ಎದ್ದೇ ಇದ್ದರು.

"ಬಾವಿ ದಾರ್‍ಯಾಗೇ ಬಂದ್ರಾ?" ಅಂತ ಮೆಲ್ಲಗೆ ಕೇಳಿದರು.

"ಹೂಂ. ಯಾಕಕ್ಕ?"

"ಏನಿಲ್ಲ... ನಮ್ಮ ಲಕ್ಷ್ಮೀದೇವಿ ಅಲ್ಲೇ ಕೂತು ಉಣ್ತಿದ್ದಳು. ರೂಮಿನಾಗೆ ಸೆಕೆ ಅಂತ. ಗಂಟೆ ಹೊಡೆಯೋ ಹೊತ್ತಿಗೆ ಡಬ್ಬಿ ಹಿಡಕಂಡು ಓಡ್ತಿದ್ದಳು, ಫೋನು ಬರ್ತೈತೆ ಅಂತ."

ಆಕೆಯ ಮನೆ ಎಲ್ಲಿ ಅಂತ ಪರಮೇಶ ಕೇಳಿದ. ಮಾರನೇ ದಿನ ಬೊಮ್ಮಕ್ಕನೇ ಮನೆ ತೋರಿಸಿದರು. ಎರಡು ಓಣಿ ಆಚೆ, ನೀಲಿ ಬಾಗಿಲು. ತಾಯಿ ದುರುಗಕ್ಕ ಒಬ್ಬರೇ ಇದ್ದರು, ಜಗುಲಿ ಮೇಲೆ ಕಡಲೆ ಆರಿಸ್ತಾ. ಪರಮೇಶ ಬೀದಿಯಲ್ಲಿ ನಿಂತ. ಏನಾಗಬೇಕು ಅಂತ ಹೇಳಿಕೊಂಡು ಹೋಗೋದು? ಚಪ್ಪಲಿ ಸರಿ ಮಾಡಿಕೊಳ್ಳೋ ನೆವ ಮಾಡಿ ವಾಪಸ್ ಬಂದ.

ಇನ್ನು ಪರೀಕ್ಷೆಯ ರಾತ್ರಿಗೆ ಬರ್ತೀನಿ.

ಎಲ್ಲಾ ಜೋಡಿಸಿ ಆಗಿತ್ತು. ಪರೀಕ್ಷೆ ಮಾಡಬೇಕು. ಹಗಲು ಮಾಡಿದರೆ ಜನಕ್ಕೆ ನೀರು ನಿಲ್ಲುತ್ತೆ, ಅದಕ್ಕೆ ರಾತ್ರಿ ಒಂದು ಗಂಟೆ ಅಂತ ಗೊತ್ತು ಮಾಡಿದರು. ಅವತ್ತು ಹಗಲು ಬಿಳಿಚೋಡಿನ ದೊಡ್ಡ ಸಂಪು ಖಾಲಿ ಮಾಡಿ ತೊಳೆಸಿದ್ದರು. ಹದಿನಾಲ್ಕು ಅಡಿ ಆಳ. ಪರೀಕ್ಷೆಯಲ್ಲಿ ಸರ್ವರ್ ವಾಲ್ವು ತೆಗೆದರೆ ಆ ಸಂಪು ತುಂಬಬೇಕು, ಬೆಳಗಿನ ಜಾವ ಐದಕ್ಕೆ ಹಳ್ಳಿಗಳಿಗೆ ನೀರು ಹೋಗಬೇಕು.

ಸಾಸ್ವೆಹಳ್ಳಿ ಕಡೆ ಇದ್ದವನು ಓಬಳೇಶ, ಕೆರೆಬಿಳಚಿಯ ಹುಡುಗ, ಪರಮೇಶನ ಜೊತೆಗೇ ಕೆಲಸಕ್ಕೆ ಸೇರಿದವನು. ಬಿಳಿಚೋಡು ಕಡೆ ಪರಮೇಶ. ಅವನ ಜೊತೆಗೆ ನೀರುಗಂಟಿ ಬೋರಣ್ಣ ಬರಬೇಕಿತ್ತು. ಬೋರಣ್ಣ ಜಗಳೂರು ಕಡೆಯಿಂದ ಬಂದು ಎರಡು ತಿಂಗಳಾಗಿತ್ತು, ಅಷ್ಟೆ. ಒಂದು ಗಂಟೆ ಆದರೂ ಬರಲಿಲ್ಲ. ಫೋನು ಮಾಡಿದರೆ ವ್ಯಾಪ್ತಿ ಪ್ರದೇಶದ ಹೊರಗೆ ಅಂತ ಬರ್ತಿತ್ತು. ಮಲಗಿಬಿಟ್ಟ ಅಂತ ಪರಮೇಶ ಮನಸ್ಸಿನಲ್ಲೇ ಬೈದುಕೊಂಡ.

ಕರೆಂಟು ಹೋಗಿತ್ತು. ಹೊರಗೆ ಜನರೇಟರು ಡಗ ಡಗ ಡಗ ಅಂತ ಕಿವಿ ತಿನ್ನುತ್ತಿತ್ತು.

ಒಂದು ಹತ್ತಕ್ಕೆ ಓಬಳೇಶನಿಗೆ ಫೋನಿನಲ್ಲಿ ಹೇಳಿದ, "ಆಫ್ ಮಾಡು."

"ಮಾಡ್ದೆ ಅಣ್ಣ. ಕೇಬಲ್ಲೂ ಕಿತ್ತೀನಿ."

ಪರದೆ ಮೇಲೆ ಕಣ್ಣಿಟ್ಟ. ಹತ್ತು ಸೆಕೆಂಡು... ಇಪ್ಪತ್ತು... ಮೂವತ್ತು.

ಏನೂ ಆಗಲಿಲ್ಲ. ಎರಡು ಸೆಕೆಂಡಿಗೊಂದು ಹಸಿರು ಸಾಲು ಬೀಳ್ತಾನೇ ಇತ್ತು. ಸಾಸ್ವೆಹಳ್ಳಿ: ಇದೀನಿ. ಸಾಸ್ವೆಹಳ್ಳಿ: ಇದೀನಿ.

"ಓಬಳೇಶ, ಆಫ್ ಮಾಡಿದೆಯೇನೋ?"

"ಅಣ್ಣ, ಕೇಬಲ್ಲು ನನ್ನ ಕೈಯಾಗೇ ಐತೆ. ಸರ್ವರಿನ ಸಿಮ್ಮೂ ತೆಗೆದಿಟ್ಟೀನಿ. ದೇವರಾಣೆ."

ಪರಮೇಶ ಬಗ್ಗಿ ಸರ್ವರ್ ಪೆಟ್ಟಿಗೆ ಹಿಂಬದಿ ನೋಡಿದ. ಸಾಸ್ವೆಹಳ್ಳಿ ಲೈನಿನ ದೀಪ ಆರಿತ್ತು. ಪೂರ್ತಿ ಆರಿತ್ತು. ಲೈನು ಸತ್ತಿತ್ತು... ಉತ್ತರ ಬರ್ತಿತ್ತು.

ಐದು ನಿಮಿಷ. ಹತ್ತು ನಿಮಿಷ. ಏನು ತಪ್ಪು ಮಾಡಿದೆ ಅಂತ ಬರೆದದ್ದನ್ನೆಲ್ಲ ಮತ್ತೆ ಓದಿದ. ಎಲ್ಲ ಸರಿ ಇತ್ತು. ಕೊನೆಗೆ ಅವನಿಗೆ ಹಳ್ಳಿಗಳ ನೀರಿನ ಚಿಂತೆ ಹತ್ತಿತು. ಪರೀಕ್ಷೆ ಹಾಳಾಗಿ ಹೋಗಲಿ, ಸಂಪು ತುಂಬಬೇಕು. ಕೈಯಿಂದಲೇ ವಾಲ್ವು ತಿರುಗಿಸೋಣ ಅಂತ ಟಾರ್ಚು ತಗೊಂಡು ಹೊರಟ. ಸಂಪು ಇರೋದು ಬಾವಿಯಿಂದ ಸ್ವಲ್ಪ ಆಚೆ, ದಿಬ್ಬದ ಮೇಲೆ.

ಬಾವಿ ಹತ್ತಿರ ಬಂದ.

ಕಟ್ಟೆ ಮೇಲೆ ಯಾರೋ ಕೂತಿದ್ದರು. ಹೆಂಗಸು. ತಲೆ ಮೇಲೆ ಸೆರಗು, ಚಳಿಗೆ ಹೊದ್ದಂಗೆ. ಮುಖಕ್ಕೆ ಟಾರ್ಚು ಬಿಡೋದು ಸರಿಯಲ್ಲ ಅಂತ ಅವನು ಬೆಳಕನ್ನ ನೆಲಕ್ಕೆ ಹಿಡಿದ.

"ಯಾರು?" ಅಂದಳು. ಸಣ್ಣ ದನಿ.

"ನಾನಮ್ಮ... ನೀರಿನ ಆಫೀಸಿನೋನು."

"ಇಷ್ಟೊತ್ತಿನಾಗೆ?"

"ನೀರು ಬಿಡಾಕೆ."

ಸೆರಗು ಬಿಗಿ ಮಾಡಿಕೊಂಡಳು. ಆಮೇಲೆ...

"ಊಟ ಆತಾ?"

"ಆತಮ್ಮ."

"ಒಳಗೆ ನೋಡಿ ಬಿಡ್ರಿ, ಸಾಸ್ವೆಹಳ್ಳಿ."

"ಆತು" ಅಂದು ಮುಂದೆ ನಡೆದ. ತಲೆ ತುಂಬ ಹಸಿರು ಸಾಲುಗಳೇ ಓಡ್ತಿದ್ದವು. ಎಂಟು ಹೆಜ್ಜೆ. ಹತ್ತು ಹೆಜ್ಜೆ...

ಕಾಲು ನಿಂತು ಹೋಯಿತು.

ಆ ಊರಲ್ಲಿ ಎಲ್ಲರಿಗೂ ಅವನು ನ್ಯಾಮತಿಯೋನು. ಬೊಮ್ಮಕ್ಕನಿಗೂ, ಬೋರಣ್ಣನಿಗೂ. ಅವನನ್ನ ಸಾಸ್ವೆಹಳ್ಳಿ ಅಂತ ಕರೆಯೋರು ಭೂಮಿ ಮೇಲೆ ಒಬ್ಬರೇ ಇದ್ದದ್ದು. ಮತ್ತೆ ಆ ದನಿ... ಫೋನಿನ ಗೊರಗೊರ ಇಲ್ಲದೆ ಆ ದನಿಯನ್ನ ಅವನು ಕೇಳಿದ್ದು ಅದೇ ಮೊದಲು. ಅದಕ್ಕೇ ಗುರುತು ಹತ್ತೋದು ತಡ ಆಗಿತ್ತು.

ತಿರುಗಿ ಬೆಳಕು ಬಿಟ್ಟ. ಕಟ್ಟೆ ಖಾಲಿ. ಓಡಿ ಹೋದ ಹೆಜ್ಜೆ ಸದ್ದಿಲ್ಲ, ಬಳೆ ಸದ್ದಿಲ್ಲ. ಬೇವಿನ ಎಲೆ ಕೂಡ ಅಲುಗಲಿಲ್ಲ.

"ಬಿಳಿಚೋಡು..." ಅಂದ. "ಇದೀರಾ?"

ಉತ್ತರ ಬರಲಿಲ್ಲ. ಜನರೇಟರ್ ಡಗ ಡಗ ಮಾತ್ರ, ದೂರದಲ್ಲಿ.

ಆಗಲೇ ದಿಬ್ಬದ ಕಡೆಯಿಂದ ಇನ್ನೊಂದು ಸದ್ದು ಕೇಳಿಸಿತು. ಠಣ್... ಠಣ್... ಕಬ್ಬಿಣದ ಮೇಲೆ ಕಬ್ಬಿಣ. ನೆಲದೊಳಗಿಂದ.

ಓಡಿದ. ಸಂಪಿನ ಮುಚ್ಚಳ ತೆರೆದೇ ಇತ್ತು. ಬಗ್ಗಿ ಬೆಳಕು ಬಿಟ್ಟ.

"ಯಾರ್ರೀ ಒಳಗೆ?"

"ನಾನು ಸರ... ಬೋರಣ್ಣ. ಕಾಲು ಮುರದೈತೆ."

ಸಂಜೆ ತೊಳೆಯುವಾಗ ಮೊಬೈಲು ಒಳಗೇ ಮರೆತಿದ್ದನಂತೆ. ಹತ್ತು ಗಂಟೆಗೆ ತರಾಕೆ ಅಂತ ಇಳಿದಾನೆ. ಗೋಡೆಗೆ ಹಾಕಿದ್ದ ಕಬ್ಬಿಣದ ಮೆಟ್ಟಿಲು ತುಕ್ಕು ಹಿಡಿದು ಕಿತ್ತು ಬಂದು, ಹತ್ತು ಅಡಿಯಿಂದ ಬಿದ್ದಾನೆ. ಮೊಬೈಲು ಕೈಯಲ್ಲೇ ಐತೆ, ಒಳಗೆ ಟವರ್ ಇಲ್ಲ. ಮೂರು ಗಂಟೆ ಹೊತ್ತು ಕೂಗಿದಾನೆ. ಜನರೇಟರ್ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಕಿತ್ತು ಬಂದ ಮೆಟ್ಟಿಲಿನಿಂದಲೇ ತಳದ ಪೈಪು ಬಡೀತಿದ್ದ.

ತೊಳೆಯೋರು ಬಿಟ್ಟು ಹೋಗಿದ್ದ ಬಿದಿರಿನ ಏಣಿ ಅಲ್ಲೇ ಬಿದ್ದಿತ್ತು. ಇಳಿಸಿ, ಪರಮೇಶನೂ ಇಳಿದ. ಬೋರಣ್ಣನನ್ನ ಎಬ್ಬಿಸಿ ತೋಳು ಕುತ್ತಿಗೆಗೆ ಹಾಕಿಕೊಳ್ಳುವಾಗ ಟಾರ್ಚಿನ ಬೆಳಕು ಮೇಲೆ ಹೋಯಿತು. ತಲೆಯ ಮೇಲೇ ನೀರು ಬರೋ ಪೈಪಿನ ಬಾಯಿ. ಎರಡು ಕೈಯಲ್ಲಿ ತಬ್ಬಬೇಕು, ಅಷ್ಟು ದಪ್ಪ.

ಆಗ ಹೊಳೆಯಿತು ಅವನಿಗೆ.

ಸರ್ವರನ್ನ ಅವನು ನಿಲ್ಲಿಸಿ ಬಂದಿರಲಿಲ್ಲ. ಅದು ಈಗಲೂ ಕೇಳ್ತಾನೇ ಇದೆ. ಎರಡು ಸೆಕೆಂಡಿಗೊಂದು ಸಲ. ಯಾರು ಉತ್ತರ ಕೊಡ್ತಿದ್ದಾರೋ, ಅವರು ಸುಮ್ಮನಾದರೆ ಮೂವತ್ತೇ ಸೆಕೆಂಡು.

"ಹತ್ತು ಬೋರಣ್ಣ. ಬೇಗ."

"ಆಗಲ್ಲ ಸರ..."

"ಹತ್ತಲೇಬೇಕು. ನನ್ನ ಹೆಗಲ ಮೇಲೆ ಕಾಲಿಡು."

ಒಂದೊಂದೇ ಮೆಟ್ಟಿಲು. ಬೋರಣ್ಣ ನೋವಿಗೆ ಹಲ್ಲು ಕಚ್ಚುತ್ತಿದ್ದ. ಏಣಿ ಕಿರ್ ಕಿರ್ ಅನ್ನುತ್ತಿತ್ತು. ಪರಮೇಶ ಕೆಳಗಿನಿಂದ ತಳ್ಳುತ್ತಾ, ಬಾಯಲ್ಲಿ ಒಂದೇ ಮಾತು ಹೇಳ್ತಿದ್ದನಂತೆ. ತಾನು ಹೇಳ್ತಿರೋದು ತನಗೇ ಗೊತ್ತಿರಲಿಲ್ಲ, ಬೋರಣ್ಣ ಆಮೇಲೆ ಹೇಳಿದ್ದು. "ಇದೀರಾ... ಇದೀರಾ... ಸ್ವಲ್ಪ ಇರ್ರಿ..."

ಬೋರಣ್ಣ ಹೊರಗೆ ಉರುಳಿದ. ಪರಮೇಶ ಏಣಿಯಿಂದ ಕಾಲು ತೆಗೆದು ಮೇಲೆ ಕೂತ. ಉಸಿರು ಬಿಡಬೇಕು...

ಸಂಪಿನೊಳಗೆ ಉಸ್ಸ್ ಅಂತ ಗಾಳಿ ಬಂತು. ಆಮೇಲೆ ಗೊಳಕ್... ಗೊಳಕ್... ಆಮೇಲೆ ಧೋ ಅಂತ ನೀರು. ಕೂತ ಕಲ್ಲು ನಡುಗಿತು. ಬಿದಿರಿನ ಏಣಿಯನ್ನ ಆ ನೀರು ಕಡ್ಡಿ ತಿರುಗಿಸಿದಂಗೆ ತಿರುಗಿಸಿತು.

ಇಬ್ಬರೂ ನೋಡ್ತಾ ಕೂತರು.

ಬೆಳಿಗ್ಗೆ ಸರ್ವರ್ ಬರೆದಿಟ್ಟಿದ್ದ ಲಾಗ್ ತೆಗೆದು ನೋಡಿದ. ಒಂದು ಹತ್ತಕ್ಕೆ ಸಾಸ್ವೆಹಳ್ಳಿ ಆಫ್ ಆಗಿದೆ. ಒಂದು ಐವತ್ತೆರಡರವರೆಗೆ ಉತ್ತರ ಬಂದಿದೆ. ಸಾವಿರದ ಇನ್ನೂರ ಅರವತ್ತು ಉತ್ತರ, ಒಂದೂ ತಪ್ಪಿಲ್ಲ. ಎಲ್ಲಿಂದ ಬಂತು ಅಂತ ಬರೆಯೋ ಜಾಗ ಮಾತ್ರ ಖಾಲಿ. ಆಮೇಲೆ ಮೂವತ್ತು ಸೆಕೆಂಡು ಮೌನ. ಆಮೇಲೆ ವಾಲ್ವು ತೆರೆದಿದೆ.

ಕಂಪನಿಯಿಂದ ಅರ್ಪಿತಾ ಅನ್ನೋ ಎಂಜಿನಿಯರ್ ಬಂದಳು. ಬುದ್ಧಿವಂತೆ. ಎಲ್ಲಾ ಬಿಚ್ಚಿ ನೋಡಿ, ಹಳೇ ಉತ್ತರ ಎಲ್ಲೋ ಸಿಕ್ಕಿಹಾಕಿಕೊಂಡು ತಿರುಗಿ ತಿರುಗಿ ಬಂದಿರಬೇಕು ಅಂದಳು. ಹಂಗೇ ಮತ್ತೆ ಆಗುತ್ತಾ ಅಂತ ಹನ್ನೊಂದು ಸಲ ಪರೀಕ್ಷೆ ಮಾಡಿದಳು. ಹನ್ನೊಂದು ಸಲವೂ ಸಾಸ್ವೆಹಳ್ಳಿ ಆಫ್ ಮಾಡಿದ ಮೂವತ್ತು ಸೆಕೆಂಡಿಗೆ ಸರಿಯಾಗಿ ಬಿಳಿಚೋಡು ಎದ್ದು ಕೂತಿತು. ಕೊನೆಗೆ, "ಸರ್, ರಿಪೋರ್ಟಿನಲ್ಲಿ ಏನಂತ ಬರೀಲಿ?" ಅಂತ ಅವಳೇ ಕೇಳಿದಳಂತೆ.

ಪರಮೇಶ ಆಸ್ಪತ್ರೆಗೆ ಹೋಗಿ ಬೋರಣ್ಣನನ್ನ ನೋಡಿದ. ಕಾಲಿಗೆ ರಾಡು ಹಾಕಿದ್ದರು. ಬೋರಣ್ಣ ಕೈ ಹಿಡಿದುಕೊಂಡು ಅತ್ತ. ಆಮೇಲೆ ಕೇಳಿದ:

"ನಿಮ್ಮನೆಯೋರು ಊರಿಗೆ ಹೋದ್ರಾ ಸರ?"

"ಯಾರು?"

"ಅವತ್ತು ರಾತ್ರಿ ಸಂಪಿನ ಬಾಯಾಗೆ ಕೂತಿದ್ರಲ್ಲ ಸರ, ಆ ಅಕ್ಕಾರು. ನಾನು ಜೀವ ಬಿಟ್ಟೆ ಅಂತ ಅಳ್ತಿದ್ದೆ. 'ಅಳಬೇಡಪ್ಪ, ಬರ್ತಾರೆ. ಆ ಮನುಷ್ಯ ಒಂದು ರಾತ್ರಿನೂ ತಪ್ಪಿಸಿದೋರಲ್ಲ' ಅಂತಿದ್ರು. ಕೊನೀಗೆ, ಕರಕೊಂಡು ಬರ್ತೀನಿ ಅಂತ ಎದ್ದು ಹೋದ್ರು. ಹಂಗೇ ನೀವು ಬಂದ್ರಿ."

ಪರಮೇಶ ಕಿಟಕಿ ಕಡೆ ತಿರುಗಿ ನಿಂತ. "ಹೂಂ, ಊರಿಗೆ ಹೋದ್ರು" ಅಂದ.

ಅವತ್ತು ಸಂಜೆ ನೀಲಿ ಬಾಗಿಲಿನ ಮನೆಗೆ ಹೋದ. ದುರುಗಕ್ಕ ಯಾರಪ್ಪ ಅಂದರು. ಜೊತೆಗೆ ಕೆಲಸ ಮಾಡ್ತಿದ್ದೆ ಅಂದ. ಒಳಗೆ ಬುದ್ಧನ ಪಟದ ಕೆಳಗೆ ಆಕೆಯ ಫೋಟೋ ಇತ್ತು. ಅವನು ಮನಸ್ಸಿನಲ್ಲಿ ಮಾಡಿಕೊಂಡಿದ್ದ ಮುಖಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲವಂತೆ. ದುಂಡು ಮುಖ, ಸಣ್ಣ ಕಣ್ಣು, ಬಲ ಹುಬ್ಬಿನ ಮೇಲೆ ಗಾಯದ ಗುರುತು. ಟೀ ಕುಡಿದು, ಬಹಳ ಹೊತ್ತು ಕೂತು, ಬಂದ. ಈಗಲೂ ತಿಂಗಳಿಗೊಮ್ಮೆ ಹೋಗಿ ಬರ್ತಾನೆ. ಮದುವೆ ಮಾತು ನಾವೂ ಬಿಟ್ಟಿದ್ದೀವಿ.

ಇನ್ನೊಂದು ಹೇಳೋದು ಬಿಟ್ಟೆ.

ಅವತ್ತು ಬೆಳಕು ಹರಿದ ಮೇಲೆ, ಬೋರಣ್ಣನನ್ನ ಆಂಬುಲೆನ್ಸಿಗೆ ಹತ್ತಿಸಿ, ಪರಮೇಶ ಮುಚ್ಚಳ ಹಾಕಾಕೆ ಅಂತ ಸಂಪಿನ ಮೇಲೆ ಹತ್ತಿದ. ರಾತ್ರಿಯೆಲ್ಲ ಇಬ್ಬನಿ ಸುರಿದು ಕಾಂಕ್ರೀಟು ಪೂರ್ತಿ ಒದ್ದೆ, ಕಾಲು ಜಾರ್ತಿತ್ತು. ಅವನೂ ಬೋರಣ್ಣನೂ ಕೂತಿದ್ದ ಜಾಗವೂ ಅಷ್ಟೊತ್ತಿಗೆ ಒದ್ದೆ ಆಗಿತ್ತು. ಮುಚ್ಚಳದ ಆ ಬದಿಯಲ್ಲಿ, ಒಬ್ಬರು ಕಾಲು ಇಳಿಬಿಟ್ಟು ಕೂರುವಷ್ಟು ಜಾಗ ಮಾತ್ರ ಒಣಗಿತ್ತು. ಅಂಗೈ ಇಟ್ಟು ನೋಡಿದನಂತೆ. ಬೂದಿ ಬಣ್ಣ, ಒಂದು ಹನಿ ಇಲ್ಲ.

ನಗಬೇಡ್ರಿ. ಬೋರಣ್ಣ ಈಗಲೂ ಬಿಳಿಚೋಡಿನಲ್ಲೇ ಐದಾನೆ. ಹೋಗಿ ಕೇಳ್ರಿ ಬೇಕಾದ್ರೆ.